ನಿಯಮದಿಂದ ಕೋಡ್: ಖಾಲಿ ಫೀಲ್ಡ್ ಬಂದಾಗ ಏನಾಗುತ್ತೆ

ವ್ಯಾಲಿಡೇಶನ್ ನಿಯಮಗಳನ್ನು (ತುಂಬಿದ ಡೇಟಾ ಸರಿಯಿದೆಯಾ ಅಂತ ನೋಡುವ ನಿಯಮಗಳು) ಒಂದೇ ಕಡೆ ಬರೆದಿಟ್ಟು, ಅದರಿಂದಲೇ ಜಾವಾ, ಜಾವಾಸ್ಕ್ರಿಪ್ಟ್, ಎಸ್‌ಕ್ಯೂಎಲ್ ಮೂರಕ್ಕೂ ಕೋಡ್ ಜನರೇಟ್ ಮಾಡುವುದನ್ನು ಕಲಿಯುತ್ತಿದ್ದೇನೆ. ನಿಯಮವನ್ನು ಪಾರ್ಸ್ ಮಾಡಿ, ಅಂದರೆ ಭಾಗಭಾಗವಾಗಿ ಬಿಡಿಸಿ, ಟ್ರೀ ಕಟ್ಟುವುದು, ಅದರ ಒಂದೊಂದು ನೋಡ್‌ಗೂ (ಭಾಗಕ್ಕೂ) ಒಂದು ಟೆಂಪ್ಲೇಟ್, ಅಂದರೆ ಕೋಡ್‌ನ ಅಚ್ಚು, ಬರೆಯುವುದು. ಇದು ಬೇಗ ಬರುತ್ತೆ.

ಮೊದಲು 'ಇದ್ದರೆ' ನಿಯಮ. "ರಜೆ 3 ದಿನಕ್ಕಿಂತ ಜಾಸ್ತಿ ಇದ್ದರೆ ಕಾರಣ ಬರೆದಿರಬೇಕು." 1997ರಲ್ಲಿ ಯುಎಂಎಲ್ 1.1 (ಸಾಫ್ಟ್‌ವೇರ್ ವಿನ್ಯಾಸವನ್ನು ಚಿತ್ರಗಳಲ್ಲಿ ಬರೆಯುವ ಭಾಷೆ) ಜೊತೆ ಬಂದ, ನಿಯಮಗಳನ್ನು ಬರೆಯುವ ಓಸಿಎಲ್ ಭಾಷೆಯಲ್ಲಿ ಇದಕ್ಕೆ 'ಇಂಪ್ಲೈಸ್' ಅಂತ ಆಪರೇಟರೇ ಇದೆ. ಜಾವಾದಲ್ಲಿ ಇಲ್ಲ. ನಾನು ಸುಮ್ನೆ 'ದಿನ > 3 ಮತ್ತು ಕಾರಣ ಇದೆ' ಅಂತ ಬರೆದೆ, 2 ದಿನದ ರಜೆಗೂ ಎರರ್ ಬಂತು. ಸುಲಭದ ದಾರಿ: ತಪ್ಪು ಡೇಟಾ ಯಾವುದು ಅಂತ ಮೊದಲು ಬರೆದುಕೊಳ್ಳಿ. 'ದಿನ > 3, ಕಾರಣ ಇಲ್ಲ.' ಎರರ್ ಬೇಕಿರುವುದು ಅಲ್ಲಿ ಮಾತ್ರ, ಅಲ್ವಾ?

ಈಗ ನನಗೆ ಎರಡು ದಿನ ಹಿಡಿದ ಭಾಗ. ನಿಯಮ: 'ದಿನ >= 1'. ದಿನದ ಫೀಲ್ಡ್ ಖಾಲಿ ಬಿಟ್ಟು ನಲ್ (ಏನೂ ಇಲ್ಲ ಅನ್ನುವ ಗುರುತು) ಬಂತು ಅಂದುಕೊಳ್ಳಿ. ಜಾವಾಸ್ಕ್ರಿಪ್ಟ್ ನಲ್ ಅನ್ನು 0 ಅಂತ ಓದುತ್ತೆ, 0 >= 1 ಸುಳ್ಳು, ಹಾಗಾಗಿ ತಿರಸ್ಕರಿಸುತ್ತೆ. ಎಸ್‌ಕ್ಯೂಎಲ್‌ನಲ್ಲಿ ಉತ್ತರ ನಿಜವೂ ಅಲ್ಲ, ಸುಳ್ಳೂ ಅಲ್ಲ, 'ಅನ್‌ನೋನ್' (ಗೊತ್ತಿಲ್ಲ). ಚೆಕ್ ಕನ್‌ಸ್ಟ್ರೇಂಟ್ (ಡೇಟಾಬೇಸ್ ಟೇಬಲ್‌ಗೆ ಹಾಕುವ ನಿಯಮ) ತಡೆಯುವುದು ಸುಳ್ಳನ್ನು ಮಾತ್ರ, ಆದ್ದರಿಂದ ಸಾಲು ಒಳಗೆ ಹೋಗುತ್ತೆ. ಜಾವಾದಲ್ಲಿ ದಿನ ಇಂಟಿಜರ್ ಆಬ್ಜೆಕ್ಟ್ (ನಲ್ ಆಗಬಲ್ಲ ಪೂರ್ಣಾಂಕ) ಆಗಿದ್ದರೆ ಹೋಲಿಸುವಾಗಲೇ ನಲ್ ಪಾಯಿಂಟರ್ ಎಕ್ಸೆಪ್ಶನ್ ಅನ್ನುವ ಎರರ್. ನಿಯಮ ಒಂದೇ, ಉತ್ತರ ಮೂರು!

ಟೆಂಪ್ಲೇಟ್‌ಗಳಲ್ಲಿ ಇದನ್ನು ಸರಿಮಾಡಲು ಹೋಗಬೇಡಿ, ಮೂರು ಕಡೆ ತೇಪೆ ಹಾಕಬೇಕಾಗುತ್ತೆ. ಕೋಡ್ ಜನರೇಟ್ ಆಗುವ ಮುಂಚೆ ಟ್ರೀಯಲ್ಲೇ ಬದಲಿಸಿ: 'ದಿನ ಖಾಲಿ, ಅಥವಾ ದಿನ >= 1'. ಖಾಲಿ ಪರೀಕ್ಷೆ ಎಡಗಡೆಯೇ ಇರಬೇಕು, ಅದು ನಿಜವಾದರೆ ಜಾವಾ ಬಲಗಡೆ ನೋಡುವುದೇ ಇಲ್ಲ. ಫೀಲ್ಡ್ ಕಡ್ಡಾಯ ಅನ್ನುವುದು ಬೇರೆಯೇ ನಿಯಮ, ಇದರ ಜೊತೆ ಕಲಸಬೇಡಿ.

ಆದರೆ ಇದೇ ಬದಲಾವಣೆಯನ್ನು ರಜೆಯ ನಿಯಮಕ್ಕೂ ಮಾಡಿದಾಗ, ದಿನ ಖಾಲಿ ಬಿಟ್ಟವರಿಗೆಲ್ಲ "ಕಾರಣ ಬರೆಯಿರಿ" ಅಂತ ಬರತೊಡಗಿತು. ಯಾಕೆಂದರೆ ಅಲ್ಲಿ 'ದಿನ > 3' ಕೂತಿರುವುದು 'ಇದ್ದರೆ' ಭಾಗದಲ್ಲಿ. ಅದು ನಿಜವಾದರೆ ನಿಯಮ ಸಡಿಲ ಆಗುವುದಿಲ್ಲ, ಬಿಗಿಯಾಗುತ್ತೆ. ಹಾಗಾಗಿ 'ಇದ್ದರೆ' ಭಾಗದಲ್ಲಿ ತಿರುಗಿಸಿ ಬರೆಯಬೇಕು: 'ದಿನ ತುಂಬಿದೆ, ಮತ್ತು ದಿನ > 3'. 'ಅಲ್ಲ' ಅನ್ನುವ ನೋಡ್‌ನ ಕೆಳಗೂ ಹೀಗೆಯೇ. ಟ್ರೀಯಲ್ಲಿ ಇಳಿಯುವಾಗ, ಎರಡರಲ್ಲಿ ಯಾವ ರೂಪ ಬರೆಯಬೇಕು ಅಂತ ಹೇಳುವ ಒಂದು ಫ್ಲ್ಯಾಗ್ (ಹೌದು/ಅಲ್ಲ ಗುರುತು) ಹಿಡಿದು, 'ಇದ್ದರೆ' ಭಾಗಕ್ಕೋ 'ಅಲ್ಲ' ನೋಡ್‌ನ ಕೆಳಗೋ ಇಳಿದಾಗಲೆಲ್ಲ ಅದನ್ನು ತಿರುವಿದೆ. ಈಗ ನಲ್ ಕೊಟ್ಟರೆ ಮೂರೂ ಕಡೆ ಒಂದೇ ಉತ್ತರ ಬರುತ್ತಿದೆ.