ಸ್ಕ್ಯಾನ್ ನಾರ್ಮಲ್, ಆದರೂ ಮನೆಯಲ್ಲಿ ಯಾಕೆ ಜಗಳ?

ತಲೆಗೆ ಪೆಟ್ಟು ಬಿದ್ದವರ ಸಿ.ಟಿ. ಸ್ಕ್ಯಾನ್ ನಾರ್ಮಲ್ ಅಂದ ಕೂಡಲೇ ಮನೆಯವರು ನಿರಾಳ ಆಗುತ್ತಾರೆ. ಸರಿಯೇ. ರಕ್ತಸ್ರಾವ ಕಂಡಿಲ್ಲ, ಬುರುಡೆ ಒಡೆದಿಲ್ಲ. ಆದರೆ ಮೆದುಳು ಒಳಗೇ ಅಲುಗಾಡಿ ನರತಂತುಗಳು ಜಗ್ಗಿದ್ದರೆ ಅದು ಈ ಸ್ಕ್ಯಾನಿಗೆ ಕಾಣುವುದಿಲ್ಲ.

'ಮೈಲ್ಡ್', ಅಂದರೆ ಸೌಮ್ಯ ಪೆಟ್ಟು, ಅಂತ ನಾವು ಡಾಕ್ಟರುಗಳು ಬರೆಯುವುದು ಮೊದಲ ದಿನದ ಲೆಕ್ಕ. ಎಚ್ಚರ ತಪ್ಪಿದ್ದರೆ 30 ನಿಮಿಷದೊಳಗೆ ಮರಳಿರಬೇಕು, ನೆನಪಿನ ಗೊಂದಲ 24 ಗಂಟೆ ಮೀರಬಾರದು. ಎಚ್ಚರ ತಪ್ಪದೆಯೂ ಮೆದುಳಿಗೆ ಪೆಟ್ಟಾಗಬಹುದು. ಮುಂದಿನ ವಾರಗಳು ಮೈಲ್ಡ್ ಆಗಿರುತ್ತವೆ ಅಂತೇನೂ ಇಲ್ಲ.

ಬೈಕಿನಿಂದ ಬಿದ್ದ ಕಿರಾಣಿ ಅಂಗಡಿಯವರೊಬ್ಬರನ್ನು ನೋಡಿ. ಒಬ್ಬ ಗಿರಾಕಿ ಇದ್ದಾಗ ಎಲ್ಲ ಸರಿ. ಇಬ್ಬರು ಒಟ್ಟಿಗೆ ಕೇಳಿ, ಫೋನೂ ಬಂತೋ, ಬೇಳೆ ತೂಗುತ್ತಿದ್ದ ಕೈ ನಿಂತೇ ಹೋಗುತ್ತದೆ. ಎಷ್ಟು ಹಾಕಿದೆ ಅನ್ನೋದೇ ನೆನಪಿಲ್ಲ. ಸಂಜೆಗೆ ತಲೆನೋವು, ವಿಪರೀತ ಸುಸ್ತು. ಮನೆಗೆ ಬಂದರೆ ಕುಕ್ಕರ್ ಕೂಗಿದರೂ ರೇಗುತ್ತಾರೆ.

"ಡಾಕ್ಟ್ರೇ, ಇವರು ಮೊದಲು ಹೀಗಿರ್ಲಿಲ್ಲ" ಅನ್ನುತ್ತಾರೆ ಹೆಂಡತಿ. ಮಕ್ಕಳನ್ನು ಸುಮ್ಮನಿರಿಸಿ, ಅಂಗಡಿಯನ್ನೂ ನೋಡಿಕೊಂಡು ಅವರೂ ಸೋತಿರುತ್ತಾರೆ. ಅಣ್ಣ ತಮ್ಮಂದಿರು "ರಿಪೋರ್ಟ್ ಚೆನ್ನಾಗಿದೆಯಲ್ಲ, ಸುಮ್ನೆ ನಾಟಕ" ಅಂದಿರುತ್ತಾರೆ. ಕೈಗೆ ಪ್ಲಾಸ್ಟರ್ ಹಾಕಿದ್ದರೆ ಯಾರಾದರೂ ಹೀಗೆ ಅನ್ನುತ್ತಿದ್ದರಾ? ಅದಕ್ಕೇ ನಾನು ಗಂಡ ಹೆಂಡತಿ ಇಬ್ಬರ ಹತ್ತಿರವೂ ಬೇರೆ ಬೇರೆಯಾಗಿ ಮಾತಾಡುತ್ತೇನೆ. ಗಂಡ "ಏನಿಲ್ಲ ಬಿಡಿ" ಅಂದದ್ದು ಹೆಂಡತಿಯ ಬಾಯಲ್ಲಿ ಅರ್ಧ ಗಂಟೆಯ ಕಥೆಯಾಗುತ್ತದೆ.

ಕೆಲವರು ದೃಷ್ಟಿ ತೆಗೆಸುತ್ತಾರೆ. ತೆಗೆಸಲಿ, ನಷ್ಟವಿಲ್ಲ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡೋದು ಮಾತ್ರ ಬೇಡ. ನೋವಿನ ಮಾತ್ರೆಯನ್ನೂ ದಿನಾ ನುಂಗಿದರೆ ಅದರಿಂದಲೇ ತಲೆನೋವು ಶುರುವಾಗಬಹುದು.

ಮೊದಲ ಒಂದೆರಡು ದಿನ ವಿಶ್ರಾಂತಿ ಸಾಕು. ತಿಂಗಳುಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸಿದರೆ ಚೇತರಿಕೆ ನಿಧಾನ ಆಗುತ್ತದೆ. ಸ್ವಲ್ಪ ನಡೆಯಲಿ. ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಒಂದೆರಡು ಗಂಟೆ ಅಂಗಡಿಯಲ್ಲಿ ಕೂರಲಿ, ಲೆಕ್ಕ ಬರೆದಿಟ್ಟುಕೊಳ್ಳಲಿ. ತಲೆಸುತ್ತು ಹೋಗುವ ತನಕ ಬೈಕ್ ಬೇಡ, ಮದ್ಯ ಬೇಡವೇ ಬೇಡ. ಹೆಚ್ಚಿನವರು ಮೂರು ತಿಂಗಳೊಳಗೆ ಸುಧಾರಿಸುತ್ತಾರೆ. ಆಗದಿದ್ದರೆ ನಿದ್ದೆ, ಕತ್ತು ನೋವು, ಖಿನ್ನತೆ ಎಲ್ಲವನ್ನೂ ಮತ್ತೆ ನೋಡಬೇಕಾಗುತ್ತದೆ.

ಪದೇ ಪದೇ ವಾಂತಿ, ಏರುತ್ತಲೇ ಇರುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಸರಿಯಾಗಿ ಏಳದಂಥ ಮಂಪರು, ಒಂದು ಕೈಯಲ್ಲಿ ಶಕ್ತಿ ಇಲ್ಲದಿರುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ವಯಸ್ಸಾದವರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಸಣ್ಣ ಪೆಟ್ಟಿನ ರಕ್ತಸ್ರಾವ ಕೆಲವು ವಾರಗಳ ನಂತರವೂ ತೊಂದರೆ ಕೊಡಬಹುದು. ಅಂಥವರಿಗೆ ಹಳೇ ಸ್ಕ್ಯಾನ್ ತೋರಿಸಿದರೆ ಸಾಲದು, ಮತ್ತೊಮ್ಮೆ ಮಾಡಿಸಬೇಕಾಗಬಹುದು.