ದೇವರಾದ ಗುರು, ಪ್ರಶ್ನೆ ಬಿಡದ ಶಿಷ್ಯ

ಗುರುಪೂರ್ಣಿಮೆಗೆ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಹಗಲು ರಾತ್ರಿಯೆನ್ನದೆ ಸಂಗೀತ ನಡೆಯುತ್ತದೆ. ಅಲ್ಲಿ ಪೂಜೆಗೊಳ್ಳುವ ತಾತಯ್ಯನವರು ಬಳೆ ಮಾರಿ ಬದುಕಿದ್ದ ನಾರಾಯಣಪ್ಪ. ಗುರು ದೇವರೇ ಎಂಬ ನಂಬಿಕೆ ಈ ಸೀಮೆಯಲ್ಲಿ ಗಟ್ಟಿಯಾಗಿದೆ. ಆದರೆ ಆ ನಂಬಿಕೆ ಶಿಷ್ಯನ ಬಾಯಿ ಕಟ್ಟಿತ್ತೆಂದು ತಿಳಿದರೆ ಇಲ್ಲಿನ ಚರಿತ್ರೆಯನ್ನೇ ಓದಿಲ್ಲವೆಂದು ಅರ್ಥ.

ಮೂಲ ಬಹಳ ಹಳೆಯದು. ದೇವರಲ್ಲಿ ಎಷ್ಟು ಭಕ್ತಿಯೋ ಗುರುವಿನಲ್ಲೂ ಅಷ್ಟೇ ಭಕ್ತಿ ಇದ್ದವನಿಗೆ ಉಪದೇಶದ ಅರ್ಥ ಹೊಳೆಯುತ್ತದೆ ಎಂದು ಶ್ವೇತಾಶ್ವತರ ಉಪನಿಷತ್ತು ಕೊನೆಯಲ್ಲಿ ಹೇಳುತ್ತದೆ. ಗುರುವಿಗೂ ಅರ್ಹತೆ ಬೇಕು. ಅವನು ವೇದ ಬಲ್ಲವನೂ ಬ್ರಹ್ಮನಿಷ್ಠನೂ ಆಗಿರಬೇಕೆಂದು ಮುಂಡಕೋಪನಿಷತ್ತು ವಿಧಿಸುತ್ತದೆ. ಈ ಷರತ್ತನ್ನು ನಮ್ಮ ಭಾಷಣಕಾರರು ಅನುಕೂಲಕ್ಕೆ ತಕ್ಕಂತೆ ಮರೆಯುತ್ತಾರೆ. ಗೀತೆಯ ನಾಲ್ಕನೆಯ ಅಧ್ಯಾಯವಂತೂ ನಮಸ್ಕಾರ, ಸೇವೆಗಳ ಜೊತೆಗೇ ಪರಿಪ್ರಶ್ನೆಯನ್ನೂ, ಅಂದರೆ ಗುರುವನ್ನು ಕೇಳಿ ತಿಳಿಯುವುದನ್ನೂ, ಇಟ್ಟಿದೆ.

ಇದರ ಚೆಂದದ ನಿದರ್ಶನ ಮುಳಬಾಗಿಲಿನ ಪಕ್ಕದ ನರಸಿಂಹತೀರ್ಥದಲ್ಲಿದೆ. ಹದಿನೈದನೆಯ ಶತಮಾನದಲ್ಲಿ ಮಧ್ವಾಚಾರ್ಯರ ಪರಂಪರೆಯ ಯತಿ ಶ್ರೀಪಾದರಾಜರು ಪಾಠ ಹೇಳುತ್ತಿದ್ದ ಜಾಗವಿದು. ಅವರ ಬೃಂದಾವನವೂ ಇಲ್ಲೇ ಇದೆ. ಗುರುವಿನ ಪ್ರಸಾದ ಶಿಷ್ಯನ ಸ್ವಪ್ರಯತ್ನಕ್ಕಿಂತ ಬಲವಾದದ್ದು ಎಂಬುದು ಮಾಧ್ವರ ಸಿದ್ಧಾಂತ. ಹಾಗಿದ್ದೂ ಅದೇ ಪರಂಪರೆಯ ಯತಿ ವ್ಯಾಸತೀರ್ಥರ ಬದುಕನ್ನು ನೋಡಿ. ಅವರಿಗೆ ಸನ್ಯಾಸ ಕೊಟ್ಟವರು ಅಬ್ಬೂರಿನ ಬ್ರಹ್ಮಣ್ಯತೀರ್ಥರು, ಶಾಸ್ತ್ರ ಕಲಿಸಿದವರು ಶ್ರೀಪಾದರಾಜರು. ಸನ್ಯಾಸ ಒಬ್ಬರಿಂದ, ವಿದ್ಯೆ ಇನ್ನೊಬ್ಬರಿಂದ. ಇಬ್ಬರಿಗೂ ಅವರು ಶಿಷ್ಯರೇ. ಕಾಷಾಯ ಕೊಟ್ಟವರೇ ಎಲ್ಲವನ್ನೂ ಕೊಡಬೇಕೆಂಬ ಹಟ ಇದ್ದಿದ್ದರೆ ವ್ಯಾಸತೀರ್ಥರಿಂದ ‘ನ್ಯಾಯಾಮೃತ’ದಂಥ ವಾದಗ್ರಂಥ ಬರುತ್ತಿತ್ತೇ? ವ್ಯಾಸತೀರ್ಥರ ಶಿಷ್ಯರಲ್ಲಿ ಪುರಂದರದಾಸರೂ ಇದ್ದರು, ಕನಕದಾಸರೂ ಇದ್ದರು. ಶ್ರೀಪಾದರಾಜರು ಸ್ವತಃ ರಂಗವಿಠಲ ಅಂಕಿತದಲ್ಲಿ ಕನ್ನಡ ಪದಗಳನ್ನು ಹಾಡಿದವರು ಎಂಬುದನ್ನು ನೆನೆದರೆ, ಕಲಿಸುವ ದಾರಿ ಸಂಸ್ಕೃತದ ಪಾಠಶಾಲೆಯಿಂದ ಬೀದಿಗೆ ಇಳಿದದ್ದೂ ಇಲ್ಲೇ ಕಾಣುತ್ತದೆ.

ತುಮಕೂರಿನ ಕಡೆ ದಾರಿಯೇ ಬೇರೆ. ಭಕ್ತನನ್ನು ಕಾಯುವ ಎಂಟು ಆಸರೆಗಳೆಂದು ವೀರಶೈವರು ನಂಬುವ ಅಷ್ಟಾವರಣಗಳಲ್ಲಿ ಗುರುವೇ ಮೊದಲು. ಆದರೆ ಇಷ್ಟಲಿಂಗವನ್ನು ಶಿಷ್ಯನ ಅಂಗೈಗೆ ಕೊಟ್ಟ ಮೇಲೆ ಪೂಜೆ ಶಿಷ್ಯನದೇ, ನಡುವೆ ಅರ್ಚಕನಿಲ್ಲ. ಗುಬ್ಬಿಯ ಗೋಸಲ ಚನ್ನಬಸವೇಶ್ವರರ ಶಿಷ್ಯರಾದ ತೋಂಟದ ಸಿದ್ಧಲಿಂಗರು ಕಗ್ಗೆರೆಯಲ್ಲಿ ತಪಸ್ಸು ಮಾಡಿ ಎಡೆಯೂರಿನಲ್ಲಿ ನೆಲೆನಿಂತರು. ಅವರ ಶಿಷ್ಯ ಗೂಳೂರು ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದ, ವಚನಗಳನ್ನು ಶರಣರ ಸಂವಾದವಾಗಿ ಹೆಣೆದ ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮ ಯಾರನ್ನೂ ಸುಮ್ಮನೆ ಬಿಡುವುದಿಲ್ಲ, ಶರಣರೂ ಅವನಿಗೆ ತಿರುಗಿ ಉತ್ತರ ಕೊಡುತ್ತಾರೆ. ಮಹಾಯೋಗಿಯೆಂದು ಹೆಸರಾದ ಸಿದ್ಧರಾಮ ದೀಕ್ಷೆ ಪಡೆಯುವುದು ಬಸವಣ್ಣನ ಸೋದರಳಿಯ, ಹುಡುಗ ಚನ್ನಬಸವಣ್ಣನಿಂದ, ಅದೂ ವಾಗ್ವಾದದ ಬಳಿಕ. ವಯಸ್ಸು, ಕೀರ್ತಿ ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಕೈವಾರದ ಕಥೆಯಲ್ಲಿ ಗುರು ನಿಲ್ಲುವುದೇ ಇಲ್ಲ. 1726ರಲ್ಲಿ ಹುಟ್ಟಿದರೆಂಬ ಪ್ರತೀತಿಯಿರುವ ನಾರಾಯಣಪ್ಪನವರಿಗೆ ಪರದೇಶಿ ಸ್ವಾಮಿಗಳು ಅಷ್ಟಾಕ್ಷರಿ ಮಂತ್ರ ಉಪದೇಶಿಸಿ, ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಜಪಿಸು, ಅದು ಕಲ್ಲುಸಕ್ಕರೆಯಾದಾಗ ಸಿದ್ಧಿ ಎಂದು ಹೇಳಿ ಹೊರಟುಹೋದರಂತೆ. ಕಲ್ಲು ಕರಗಿತೋ ಇಲ್ಲವೋ ಎಂದು ಪರೀಕ್ಷಿಸಲು ಗುರು ಹತ್ತಿರವಿಲ್ಲ. ಸಿಹಿ ಗೊತ್ತಾಗಬೇಕಾದದ್ದು ಶಿಷ್ಯನ ನಾಲಿಗೆಗೇ.

ಮಠಗಳು ಬೆಳೆದು ಆಸ್ತಿ, ಶಾಲೆ, ದಾಸೋಹ ಎಲ್ಲ ಸೇರಿದ ಮೇಲೆ ಈ ಬಾಂಧವ್ಯಕ್ಕೆ ಉತ್ತರಾಧಿಕಾರದ ಭಾರವೂ ಬಂತು. ಈಗಿನ ಮಠವಿವಾದಗಳ ಬೇರು ಇಲ್ಲಿದೆ ಎಂದು ನನ್ನ ಅನಿಸಿಕೆ. ಆದರೆ ಸಿದ್ಧಗಂಗೆಯಲ್ಲಿ 1930ರಲ್ಲಿ ನಡೆದದ್ದನ್ನೂ ಹೇಳಬೇಕು. ಉತ್ತರಾಧಿಕಾರಿ ಮರುಳಾರಾಧ್ಯರು ತೀರಿಕೊಂಡಾಗ ಮಠಾಧಿಪತಿ ಉದ್ಧಾನ ಶಿವಯೋಗಿಗಳ ಕಣ್ಣು ಬಿದ್ದದ್ದು ಹಿಂದೆ ಮಠದಲ್ಲೇ ಇದ್ದು ಓದಿದ್ದ ಶಿವಣ್ಣನೆಂಬ ವಿದ್ಯಾರ್ಥಿಯ ಮೇಲೆ. ಆಗ ಶಿವಣ್ಣನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದರು. ಕಾವಿ ತೊಟ್ಟು ಶಿವಕುಮಾರ ಸ್ವಾಮಿಗಳಾದ ಮೇಲೂ ಅವರ ಕಾಲೇಜು ಓದು ನಿಲ್ಲಲಿಲ್ಲ.