ಹಳೇ ಅಂಬಾಸಿಡರ್‌ಗೆ ಯಾವ ಆಯಿಲ್? ಉತ್ತರ ಇರುವುದು ಫಾಸ್ಫರಸ್ ಲೆಕ್ಕದಲ್ಲಿ

ಎಂಜಿನ್ ಆಯಿಲ್ ಡಬ್ಬಿಯ ಮೇಲೆ ಎಸ್‌ಎಲ್, ಎಸ್‌ಎಂ, ಎಸ್‌ಎನ್, ಎಸ್‌ಪಿ ಅಂತ ಬರೆದಿರುತ್ತದೆ. ಅಕ್ಷರ ಮುಂದಕ್ಕೆ ಹೋದಷ್ಟೂ ಆಯಿಲ್‌ನ ದರ್ಜೆ ಹೊಸದು. ಹೊಸ ಕಾರಿಗೆ ಹೊಸದೇ ಸರಿ. ಆದರೆ ಪುಶ್‌ರಾಡ್ ಎಂಜಿನ್ನಿನ (ಉದ್ದ ಕಡ್ಡಿಗಳ ಮೂಲಕ ವಾಲ್ವ್ ತೆರೆಯುವ ಎಂಜಿನ್) ಹಳೇ ಅಂಬಾಸಿಡರ್ ಅಥವಾ ಪದ್ಮಿನಿ ಇಟ್ಟುಕೊಂಡವರು ಇನ್ನೊಂದನ್ನೂ ನೋಡಬೇಕು. ಅದು ಜೆಡ್‌ಡಿಡಿಪಿ, ಸತು, ಫಾಸ್ಫರಸ್, ಗಂಧಕ ಸೇರಿದ ರಾಸಾಯನಿಕ.

1940ರ ದಶಕದಲ್ಲಿ ಇದನ್ನು ಆಯಿಲ್‌ಗೆ ಬೆರೆಸಲು ಶುರು ಮಾಡಿದ್ದು ಬೇರಿಂಗ್ ಕೊರೆಯದಿರಲಿ, ಆಯಿಲ್ ಬೇಗ ಕೆಡದಿರಲಿ ಅಂತ. 1950ರ ದಶಕದಲ್ಲಿ ಅಮೆರಿಕದಲ್ಲಿ ಜಾಸ್ತಿ ಶಕ್ತಿಯ ವಿ8 ಎಂಜಿನ್‌ಗಳು ಬಂದವು. ವಾಲ್ವ್ ಸ್ಪ್ರಿಂಗ್ ಬಿಗಿಯಾದವು, ತಿರುಗುತ್ತಾ ವಾಲ್ವ್ ತೆರೆಸುವ ಉಬ್ಬುಗಳ ದಂಡ, ಅಂದರೆ ಕ್ಯಾಮ್, ಸವೆಯತೊಡಗಿತು. ಸವೆತ ತಡೆಯುವುದರಲ್ಲೂ ಜೆಡ್‌ಡಿಡಿಪಿ ಎತ್ತಿದ ಕೈ ಎಂದು ಆಗ ಗೊತ್ತಾಯಿತು.

ಹಳೇ ಎಂಜಿನ್‌ನಲ್ಲಿ ಕ್ಯಾಮ್‌ನ ಉಬ್ಬು, ತಾನು ಮೇಲೆತ್ತುವ ಟ್ಯಾಪೆಟ್ ಎಂಬ ಭಾಗದ ತಳಕ್ಕೆ ಉಜ್ಜಿಕೊಂಡೇ ತಿರುಗುತ್ತದೆ. ಅಲ್ಲಿನ ಒತ್ತಡಕ್ಕೆ ಆಯಿಲ್ ಪದರ ಸರಿಯಾಗಿ ನಿಲ್ಲುವುದಿಲ್ಲ. ಆ ಬಿಸಿಗೆ, ಉಜ್ಜಾಟಕ್ಕೆ ಜೆಡ್‌ಡಿಡಿಪಿ ಒಡೆದು ಲೋಹದ ಮೇಲೆ ಗಾಜಿನಂಥ ಪೊರೆ ಕಟ್ಟುತ್ತದೆ. ದಪ್ಪ ಸುಮಾರು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗ, ಅಷ್ಟೇ! ಲೋಹದ ಬದಲು ಪೊರೆ ಸವೆಯುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ.

ತೊಂದರೆ ಬಂದಿದ್ದು ಸೈಲೆನ್ಸರ್ ಕಡೆಯಿಂದ. ಅಮೆರಿಕದ 1975ರ ಮಾಡೆಲ್‌ಗಳಿಂದ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ನಮ್ಮಲ್ಲಿ 1995ರ ಏಪ್ರಿಲ್‌ನಲ್ಲಿ ದೆಹಲಿ, ಮುಂಬೈ, ಕೋಲ್ಕತಾ, ಚೆನ್ನೈಗಳ ಹೊಸ ಪೆಟ್ರೋಲ್ ಕಾರುಗಳಿಗೆ ಅದು ಕಡ್ಡಾಯವಾಯಿತು. ಎಂಜಿನ್ ಸುಡುವ ಚೂರುಪಾರು ಆಯಿಲ್‌ನ ಫಾಸ್ಫರಸ್ ಕನ್ವರ್ಟರನ್ನು ಹಾಳು ಮಾಡುತ್ತದೆ. ಹಾಗಾಗಿ 1996ರಲ್ಲಿ ಆಯಿಲ್‌ನ ಫಾಸ್ಫರಸ್ ಮಿತಿ ಶೇ. 0.10ಕ್ಕೆ ಇಳಿಯಿತು, 2004ರಲ್ಲಿ ಶೇ. 0.08ಕ್ಕೆ. ಫಾಸ್ಫರಸ್ ಇಳಿದರೆ ಜೆಡ್‌ಡಿಡಿಪಿಯೂ ಇಳಿದಂತೆ. ಗಾಳಿಯ ದೃಷ್ಟಿಯಿಂದ ಇದು ಸರಿಯಾದ ನಿರ್ಧಾರವೇ. ಅಷ್ಟರಲ್ಲಿ ಎಷ್ಟೋ ಹೊಸ ಎಂಜಿನ್‌ಗಳಿಗೆ ಉಜ್ಜುವ ಟ್ಯಾಪೆಟ್ ಬದಲು ರೋಲರ್ ಬಂದಿತ್ತು.

ತುಂಬ ಜನಕ್ಕೆ ಗೊತ್ತಿಲ್ಲದ ವಿಷಯ ಅಂದರೆ, ಈ ಮಿತಿ ಇರುವುದು 5ಡಬ್ಲ್ಯೂ-30, 10ಡಬ್ಲ್ಯೂ-30ರಂಥ ತೆಳು ಆಯಿಲ್‌ಗಳಿಗೆ. 20ಡಬ್ಲ್ಯೂ-50 ಎಂಬ ದಪ್ಪ ಆಯಿಲ್‌ಗೆ ಅದು ಅನ್ವಯಿಸುವುದಿಲ್ಲ. ನಮ್ಮ ಹಳೇ ಕಾರುಗಳಿಗೆ, ನಮ್ಮ ಸೆಕೆಗೆ ಒಪ್ಪುವ ಗ್ರೇಡ್ ಅದೇ ಅಲ್ವಾ? ಆದರೂ ಡಬ್ಬಿ ನೋಡಿ ಸುಮ್ನೆ ನಂಬಬೇಡಿ. ಕಂಪನಿಯ ಡೇಟಾ ಶೀಟ್ ತೆಗೆದು ನೋಡಿ, ಫಾಸ್ಫರಸ್ ಶೇ. 0.10ರಿಂದ 0.12 ಇದ್ದರೆ ಸಾಕು.

ಅಂಬಾಸಿಡರ್‌ನ 1489 ಸಿಸಿ ಎಂಜಿನ್‌ಗೆ ರೇಸ್ ಕಾರಿನಂಥ ಬಿಗಿ ಸ್ಪ್ರಿಂಗ್ ಇಲ್ಲ. ಹಾಗಾಗಿ ಗಾಬರಿ ಬೇಡ. ನಿಜವಾದ ಅಪಾಯ ಇರುವುದು ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಹಾಕಿಸಿ ಮೊದಲ ಸಲ ಸ್ಟಾರ್ಟ್ ಮಾಡಿದಾಗ. ಆ ಮೊದಲ ಅರ್ಧ ಗಂಟೆ ಆಯಿಲ್‌ನಲ್ಲಿ ಉಳಿತಾಯ ಮಾಡಬೇಡಿ. ಬೇರೆಯಾಗಿ ಸಿಗುವ ಜಿಂಕ್ (ಅಂದರೆ ಜೆಡ್‌ಡಿಡಿಪಿ) ಬಾಟಲಿಯನ್ನು ಮನಸ್ಸಿಗೆ ಬಂದಷ್ಟು ಸುರಿಯುವುದೂ ಬೇಡ. ಪ್ರಮಾಣ ಮೀರಿದರೆ ಅದೇ ಲೋಹವನ್ನು ಕೊರೆಯುತ್ತದೆ. ನಿಮ್ಮ ಕಾರಿಗೆ ಕನ್ವರ್ಟರ್ ಇದ್ದರಂತೂ ಮ್ಯಾನುವಲ್‌ನಲ್ಲಿ ಹೇಳಿದ ಆಯಿಲನ್ನೇ ಹಾಕಿಸಿ.